ಬಿಟ್ಟು ಬರಲಾಗದ ಕೆಲಸ: ಕಲಬುರಗಿಯಿಂದ ರಷ್ಯಾದ ಯುದ್ಧಕ್ಕೆ ಹೋದವರ ಪ್ರಕರಣ

2023ರ ಡಿಸೆಂಬರ್‌ನಲ್ಲಿ ಕಲಬುರಗಿ ಜಿಲ್ಲೆಯ ಮೂವರು ಯುವಕರು ರಷ್ಯಾಕ್ಕೆ ಹೊರಟರು. ಅವರ ಜೊತೆ ಗಡಿಯಾಚೆ ತೆಲಂಗಾಣದ ನಾರಾಯಣಪೇಟೆಯ ಒಬ್ಬ. ಮನೆಯಲ್ಲಿ ಹೇಳಿ ಹೋದದ್ದು ಸೆಕ್ಯುರಿಟಿ ಕೆಲಸ ಎಂದು. ಏಜೆಂಟರಿಗೆ ತಲಾ ಸುಮಾರು 3 ಲಕ್ಷ ರೂಪಾಯಿ ಕೊಟ್ಟಿದ್ದರು. ಎರಡು ತಿಂಗಳು ಕಳೆಯುವಷ್ಟರಲ್ಲಿ ಅವರಿಂದ ಊರಿಗೆ ವಿಡಿಯೊ ಬಂತು. ಮೈಮೇಲೆ ಸೈನಿಕರ ಸಮವಸ್ತ್ರ, ಬಾಯಲ್ಲಿ ಒಂದೇ ಮಾತು: ಮೋಸ ಹೋಗಿದ್ದೇವೆ, ನಮ್ಮನ್ನು ಇಲ್ಲಿಂದ ಕರೆಸಿಕೊಳ್ಳಿ.

ಒಂದು ದೇಶದ ಪ್ರಜೆಗೆ ಇನ್ನೊಂದು ದೇಶದ ಯುದ್ಧದಲ್ಲಿ ಹೋರಾಡಲು ಅವಕಾಶ ಇರಬೇಕೆ ಎಂಬ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಕಾಲೇಜಿನ ಚರ್ಚಾಸ್ಪರ್ಧೆಯ ಧಾಟಿಯಲ್ಲಿ ಕೇಳುತ್ತೇವೆ. ವ್ಯಕ್ತಿಸ್ವಾತಂತ್ರ್ಯ ಒಂದು ಕಡೆ, ರಾಷ್ಟ್ರಹಿತ ಇನ್ನೊಂದು ಕಡೆ. ಈ ಪ್ರಕರಣವನ್ನು ಮೊದಲಿನಿಂದ ಹಿಂಬಾಲಿಸಿದ ಮೇಲೆ ನನಗೆ ಆ ಪ್ರಶ್ನೆಯ ಬುಡದಲ್ಲಿ ಇನ್ನೊಂದು ಪ್ರಶ್ನೆ ಕಾಣತೊಡಗಿತು. ಹೋಗುವುದಕ್ಕೆ ಬಿಡಬೇಕೆ ಎಂಬುದಕ್ಕಿಂತ, ಬೇಡವೆನಿಸಿದ ದಿನ ವಾಪಸು ಬರುವುದಕ್ಕೆ ಆಗುತ್ತದೆಯೇ ಎಂಬುದು. ಎಲ್ಲವೂ ಅಲ್ಲಿಗೇ ಹೋಗಿ ನಿಲ್ಲುತ್ತದೆ ಎಂದು ನಾನು ನಂಬಿದ್ದೇನೆ. ಅದಕ್ಕೇ ಈ ಒಂದು ಪ್ರಕರಣವನ್ನು ಸ್ವಲ್ಪ ವಿವರವಾಗಿ ಬಿಡಿಸಿಡುತ್ತಿದ್ದೇನೆ.

ಗುಳೆಯ ದಾರಿ

ಕಲ್ಯಾಣ ಕರ್ನಾಟಕದ ಮಂದಿಗೆ ಊರು ಬಿಟ್ಟು ದುಡಿಯುವುದು ಹೊಸದಲ್ಲ. ತೊಗರಿ ಕೈಕೊಟ್ಟ ವರ್ಷ ಮುಂಬೈ, ಪುಣೆ, ಹೈದರಾಬಾದ್‌ಗೆ ಗುಳೆ ಹೋಗುವುದು ತಲೆಮಾರುಗಳಿಂದ ನಡೆದು ಬಂದದ್ದು. ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ 371(ಜೆ) ವಿಧಿ ಬಂದು ಹತ್ತು ವರ್ಷ ದಾಟಿದ ಮೇಲೂ ಆ ದಾರಿ ಮುಚ್ಚಿಲ್ಲ. ಆಮೇಲೆ ಅದೇ ದಾರಿ ಉದ್ದವಾಗಿ ದುಬೈ, ಸೌದಿ, ಕತಾರ್ ಮುಟ್ಟಿತು. "ಮಗ ದುಬೈಕ್ಕ ಹೋಗ್ಯಾನ" ಎಂದರೆ ಮನೆಗೆ ಸ್ಲ್ಯಾಬು ಬೀಳುತ್ತದೆ, ತಂಗಿಯ ಮದುವೆ ಆಗುತ್ತದೆ ಎಂದರ್ಥ. ಈ ನಾಲ್ವರಲ್ಲೂ ದುಬೈನಲ್ಲಿ ದುಡಿದವರು ಇದ್ದರು. ಹೊರದೇಶ ಎಂದರೆ ಏನೆಂದು ಅರಿಯದವರಲ್ಲ. ಅಲ್ಲಿ ಮಾಲೀಕ ಕೆಟ್ಟವನಾದರೆ, ಸಂಬಳ ಕೊಡದಿದ್ದರೆ, ಅತ್ತೂ ಕರೆದೂ ಸಾಲ ಮಾಡಿಯಾದರೂ ಟಿಕೆಟ್ ತೆಗೆದು ಬಂದುಬಿಡಬಹುದು. ಗಲ್ಫ್‌ನಲ್ಲಿ ನಮ್ಮವರು ಪಟ್ಟ ಪಾಡು ಕಡಿಮೆಯಲ್ಲ. ಆದರೂ ವಾಪಸು ಬರುವ ಆ ಕಿರುದಾರಿಯೊಂದು ಇದ್ದೇ ಇರುತ್ತಿತ್ತು. ರಷ್ಯಾಕ್ಕೆ ಹೊರಟಾಗಲೂ ಅವರ ಲೆಕ್ಕ ಇಷ್ಟೇ ಇದ್ದಿರಬೇಕು.

ಬಲೆ ಹಾಕಿದ್ದು ಯೂಟ್ಯೂಬ್. ದುಬೈನಿಂದ ನಡೆಯುತ್ತಿದ್ದ ಒಂದು ಚಾನೆಲ್, ಯಾವ ದೇಶದಲ್ಲಿ ಯಾವ ಕೆಲಸ, ಎಷ್ಟು ಸಂಬಳ ಎಂದು ಹೇಳುವ ವಿಡಿಯೊಗಳು. ಅದರಲ್ಲೊಂದು ರಷ್ಯಾದ "ಆರ್ಮಿ ಸೆಕ್ಯುರಿಟಿ ಹೆಲ್ಪರ್" ಕೆಲಸದ್ದು. ಯುದ್ಧಕ್ಕೂ ನಿಮಗೂ ಸಂಬಂಧವಿಲ್ಲ, ಸರಂಜಾಮು ಕಾಯುವುದು, ಕಟ್ಟಡ ನೋಡಿಕೊಳ್ಳುವುದು, ಅಡುಗೆಮನೆಯಲ್ಲಿ ಕೈಜೋಡಿಸುವುದು ಎಂಬ ಭರವಸೆ. ಕೆಲವು ತಿಂಗಳು ಇದ್ದರೆ ರಷ್ಯಾದಲ್ಲೇ ನೆಲೆಸುವ ಪರವಾನಗಿ ಸಿಗುತ್ತದೆ ಎಂಬ ಆಸೆ ಬೇರೆ.

ಇಲ್ಲೊಂದು ಲೆಕ್ಕ ನೋಡಿ. ನಮ್ಮ ವಲಸೆ ಕಾಯ್ದೆ 1983ರದು. ಅದರ ಪ್ರಕಾರ ವಿದೇಶಕ್ಕೆ ಕೆಲಸಗಾರರನ್ನು ಕಳಿಸುವ ಏಜೆಂಟ್ ನೋಂದಣಿ ಮಾಡಿಸಿರಬೇಕು. ಒಬ್ಬನಿಂದ ಪಡೆಯಬಹುದಾದ ಸೇವಾಶುಲ್ಕದ ಮಿತಿ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಈ ಹುಡುಗರು ಕೊಟ್ಟದ್ದು ಅದರ ಹತ್ತು ಪಟ್ಟು. ಆ ಒಂದು ಅಂಕಿ ಗೊತ್ತಿದ್ದರೂ ಮೋಸದ ವಾಸನೆ ಬಡಿಯುತ್ತಿತ್ತು. ಆದರೆ ಕಲಬುರಗಿಯ ಯಾವ ಬಸ್‌ಸ್ಟ್ಯಾಂಡಿನಲ್ಲಿ, ಯಾವ ಪಂಚಾಯಿತಿ ಕಟ್ಟೆಯ ಮೇಲೆ ಆ ಅಂಕಿ ಬರೆದು ಅಂಟಿಸಿದ್ದಾರೆ? ನಾನಂತೂ ಕಂಡಿಲ್ಲ.

ಇನ್ನೊಂದು ಸಂದಿ. ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ವಲಸೆ ತಪಾಸಣೆಯ ಮುದ್ರೆ ಬೀಳುತ್ತದೆ. ಅಂಥವರು ಕೆಲಸಕ್ಕಾಗಿ ಹೊರಟರೆ ಸರ್ಕಾರದ ಅಧಿಕಾರಿಯೊಬ್ಬ ಒಪ್ಪಂದ ಪರಿಶೀಲಿಸಿ ಬಿಡಬೇಕು. ಆ ತಪಾಸಣೆ ಇರುವುದು 18 ದೇಶಗಳಿಗೆ ಮಾತ್ರ. ಸೌದಿ ಇದೆ, ಕುವೈತ್ ಇದೆ, ಮಲೇಷ್ಯಾ ಇದೆ, ರಷ್ಯಾ ಇಲ್ಲ. ಮೇಲಾಗಿ ಪ್ರವಾಸಿ ವೀಸಾದ ಮೇಲೆ ಹೋಗುವವನನ್ನು ಕೆಲಸಗಾರ ಎಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ವಿಮಾನ ನಿಲ್ದಾಣದ ಕಿಟಕಿಯಲ್ಲಿ ಅವನು ಮಾಸ್ಕೊ ನೋಡಲು ಹೊರಟ ಪ್ರವಾಸಿ.

ಹಾಳೆಯ ಮೇಲಿನ ಇಂಟು ಗುರುತು

ನಮ್ಮಲ್ಲಿ ಕಾಗದಕ್ಕೆ ಸಹಿ ಹಾಕುವ ಬಗೆಯನ್ನು ಗಮನಿಸಿದ್ದೀರಾ? ಬ್ಯಾಂಕಿನಲ್ಲಿ ಬೆಳೆಸಾಲಕ್ಕೆ ಬಂದ ರೈತನ ಮುಂದೆ ದಪ್ಪ ಕಟ್ಟೊಂದನ್ನು ಇಡುತ್ತಾರೆ. ಒಳಗೆಲ್ಲ ಇಂಗ್ಲಿಷ್, ಅದೂ ಇರುವೆ ಸಾಲಿನಂಥ ಅಕ್ಷರ. ಸಹಿ ಬೇಕಾದ ಕಡೆಯಲ್ಲೆಲ್ಲ ಪೆನ್ಸಿಲ್ಲಿನಲ್ಲಿ ಒಂದು ಇಂಟು ಗುರುತು. ಗುಮಾಸ್ತ ಹಾಳೆ ತಿರುವುತ್ತ ಹೋಗುತ್ತಾನೆ, ರೈತ ಅವನ ಬೆರಳು ಎಲ್ಲಿ ನಿಲ್ಲುತ್ತದೋ ಅಲ್ಲಿ ಸಹಿ ಎಳೆಯುತ್ತಾನೆ. ಕಣ್ಣು ಬೆರಳಿನ ಮೇಲೆ, ಬರಹದ ಮೇಲಲ್ಲ. ಕೊನೆಗೆ "ಎಲ್ಲ ಆಯ್ತಲ್ರೀ ಸಾಹೇಬ್ರ?" ಎಂದು ಕೇಳಿ ಎದ್ದು ಬರುತ್ತಾನೆ. ನಾನೂ ಹಾಗೇ ಸಹಿ ಹಾಕಿದ್ದೇನೆ, ನೀವೂ ಹಾಕಿರುತ್ತೀರಿ.

ರಷ್ಯಾದಲ್ಲಿ ಇಳಿದ ಮೇಲೆ ಈ ಹುಡುಗರ ಮುಂದೆ ಬಂದ ಒಪ್ಪಂದ ರಷ್ಯನ್ ಭಾಷೆಯದು. ಲಿಪಿಯೇ ಬೇರೆ, ಒಂದಕ್ಷರವೂ ಓದಲು ಬಾರದು. ಹೆಲ್ಪರ್ ಕೆಲಸದ ಕಾಗದ ಎಂದು ಏಜೆಂಟರು ಹೇಳಿದರು, ಇವರು ಸಹಿ ಹಾಕಿದರು. ಬ್ಯಾಂಕಿನಲ್ಲಿ ಹಾಗೆ ಹಾಕಿದ ಸಹಿಯ ಬೆಲೆ ಹೆಚ್ಚೆಂದರೆ ಹೊಲ. ಇಲ್ಲಿ ಸಹಿ ಹಾಕಿದ್ದು ರಷ್ಯಾ ಸೇನೆಯ ಜೊತೆಗಿನ ಒಂದು ವರ್ಷದ ಒಪ್ಪಂದಕ್ಕೆ.

ಒಂದು ವರ್ಷ ಎಂಬುದೂ ಹೆಸರಿಗೆ. 2022ರ ಸೆಪ್ಟೆಂಬರ್ 21ರಂದು ಅಧ್ಯಕ್ಷ ಪುಟಿನ್ ಹೊರಡಿಸಿದ ಭಾಗಶಃ ಸೇನಾ ಜಮಾವಣೆಯ ಆದೇಶದಲ್ಲಿ ಒಂದು ಅಂಶವಿದೆ. ಜಮಾವಣೆಯ ಅವಧಿ ಮುಗಿಯುವವರೆಗೂ ಸೈನಿಕರ ಗುತ್ತಿಗೆ ಒಪ್ಪಂದಗಳು ಮುಂದುವರಿಯುತ್ತವೆ. ವಯಸ್ಸು ಮೀರಿದರೆ, ಆರೋಗ್ಯ ಕೆಟ್ಟು ಅನರ್ಹನಾದರೆ, ಜೈಲುಶಿಕ್ಷೆಯಾದರೆ ಮಾತ್ರ ಬಿಡುಗಡೆ. ಗುತ್ತಿಗೆಯ ದಿನಾಂಕ ಮುಗಿಯಿತು ಎಂದು ಗಂಟುಮೂಟೆ ಕಟ್ಟಿಕೊಂಡು ಹೊರಡುವ ಹಾಗಿಲ್ಲ. ಹೊರಟರೆ ಅದು ಸೇನೆ ತೊರೆದ ಅಪರಾಧ.

ಜೊತೆಗೆ 2024ರ ಜನವರಿಯಲ್ಲಿ ಇನ್ನೊಂದು ಆದೇಶ ಬಂತು. ಈ ಯುದ್ಧದ ಕಾಲದಲ್ಲಿ ಸೇನೆಯೊಂದಿಗೆ ಒಪ್ಪಂದ ಮಾಡಿಕೊಂಡ ವಿದೇಶಿಗೆ, ಅವನ ಹೆಂಡತಿ ಮಕ್ಕಳು, ತಂದೆತಾಯಿಗೂ ಬೇಗ ರಷ್ಯಾ ಪೌರತ್ವ ಕೊಡುವ ಆದೇಶ. ಕೇಳಲು ವರದ ಹಾಗಿದೆ. ಆದರೆ ನಮ್ಮ ಪೌರತ್ವ ಕಾಯ್ದೆಯ 9ನೇ ಕಲಮು ಏನು ಹೇಳುತ್ತದೆ? ಭಾರತೀಯನೊಬ್ಬ ತಾನಾಗಿ ಬೇರೆ ದೇಶದ ಪೌರತ್ವ ಪಡೆದರೆ ಅವನ ಭಾರತೀಯ ಪೌರತ್ವ ಅಲ್ಲಿಗೇ ಮುಗಿಯುತ್ತದೆ. ಆಮೇಲೆ ನಮ್ಮ ರಾಯಭಾರ ಕಚೇರಿ ಅವನ ಪರವಾಗಿ ಯಾವ ಬಾಯಿಂದ ಮಾತಾಡಬೇಕು? ಓದದ ಹಾಳೆಯ ಮೇಲಿನ ಇನ್ನೊಂದು ಸಹಿ ಆ ಕೊನೆಯ ಬಾಗಿಲನ್ನೂ ಮುಚ್ಚಬಲ್ಲದು.

ಹೆಪ್ಪುಗಟ್ಟಿದ ನೆಲ

ಕೆಲವು ದಿನಗಳ ತರಬೇತಿ. ಬಂದೂಕು ಹಿಡಿಯುವುದು, ಗ್ರೆನೇಡ್ ಎಸೆಯುವುದು. ಹೆಲ್ಪರ್‌ಗೆ ಗ್ರೆನೇಡ್ ಏಕೆ ಎಂಬ ಅನುಮಾನ ಅಲ್ಲೇ ಶುರುವಾಯಿತು. ಆಮೇಲೆ ಗಡಿ. ವಾಪಸು ಬಂದ ಮೇಲೆ ಅವರು ಪತ್ರಿಕೆಗಳಿಗೆ ಹೇಳಿಕೊಂಡದ್ದು ಹೀಗೆ: ಬೆಳಿಗ್ಗೆ ಆರಕ್ಕೆ ಎಬ್ಬಿಸುತ್ತಿದ್ದರು, ದಿನಕ್ಕೆ ಹದಿನೈದು ತಾಸು ಕೆಲಸ. ಕಂದಕ ತೋಡುವುದು, ಬಂಕರ್ ಕಟ್ಟುವುದು. ಹೊಟ್ಟೆಗೆ ಅರೆಬರೆ. ಕೈತುಂಬ ಬೊಬ್ಬೆ, ಬಗ್ಗಿದ ಬೆನ್ನು ನೆಟ್ಟಗಾಗುತ್ತಿರಲಿಲ್ಲ. ಸುಸ್ತಾಗಿ ಒಂದು ಗಳಿಗೆ ನಿಂತರೆ ಸುತ್ತಮುತ್ತ ಗುಂಡು ಹಾರಿಸಿ ಹೆದರಿಸುತ್ತಿದ್ದರು. ಫೋನ್ ಕಿತ್ತುಕೊಂಡಿದ್ದರಿಂದ ತಿಂಗಳುಗಟ್ಟಲೆ ಮನೆಯವರ ದನಿ ಕೇಳಲಿಲ್ಲ.

ಕಲಬುರಗಿಯ ಕಪ್ಪು ಮಣ್ಣು ಬೇಸಗೆಯಲ್ಲಿ ಬಿರುಕು ಬಿಟ್ಟರೆ ಅಂಗೈ ಇಡುವಷ್ಟು ಅಗಲ ಬಾಯಿ ತೆರೆಯುತ್ತದೆ. ಮಳೆಗೆ ಅದೇ ಮಣ್ಣು ಕಾಲಿಗೆ ಸೇರುಗಟ್ಟಲೆ ಅಂಟುತ್ತದೆ. ಆ ಎರಡೂ ಬಗೆಯ ಮಣ್ಣು ಬಲ್ಲ ಕೈಗಳವು. ಪೂರ್ವ ಉಕ್ರೇನಿನದೂ ಕಪ್ಪು ಮಣ್ಣೇ, ಗೋಧಿ ಬೆಳೆಯಲು ಹೆಸರಾದದ್ದು. ಆದರೆ ಜನವರಿಯಲ್ಲಿ ಅದು ಹೆಪ್ಪುಗಟ್ಟಿ ಕಲ್ಲಾಗಿರುತ್ತದೆ. ಸಲಿಕೆ ಹೊಡೆದರೆ ಮೊದಲು ಏಳುವುದು ಕಿಡಿ, ಮಣ್ಣು ಆಮೇಲೆ. ಅಂಥ ನೆಲದಲ್ಲಿ ಆಳುದ್ದದ ಕಂದಕ ತೋಡುವುದೆಂದರೆ ಏನೆಂದು ಒಮ್ಮೆ ನೆನೆದು ನೋಡಿ. ಮೇಲೆ ಡ್ರೋನ್‌ನ ಗುಂಯ್ ಸದ್ದು.

2024ರ ಫೆಬ್ರುವರಿ 21. ಇವರ ಹಾಗೆಯೇ ಹೆಲ್ಪರ್ ಎಂದು ಹೋಗಿದ್ದ ಸೂರತ್‌ನ 23ರ ಹರೆಯದ ಯುವಕ ದೊನೆತ್ಸ್ಕ್ ಪ್ರದೇಶದಲ್ಲಿ ದಾಳಿಗೆ ಸಿಕ್ಕಿ ಸತ್ತ. ಅವನ ಜೊತೆಗಿದ್ದವರೇ ಆ ಸುದ್ದಿಯನ್ನು ಊರಿಗೆ ತಲುಪಿಸಿದರು. ಶವ ಸೂರತ್ ಮುಟ್ಟಿದ್ದು ಮಾರ್ಚ್ ನಡುವಿನಲ್ಲಿ. ಅಷ್ಟರಲ್ಲಿ ಹೈದರಾಬಾದ್‌ನ ಇನ್ನೊಬ್ಬನ ಸಾವೂ ಖಚಿತವಾಗಿತ್ತು.

ಈ ಸುದ್ದಿ ಓದುವಾಗ ನನ್ನ ಮನಸ್ಸು ಎರಡು ವರ್ಷ ಹಿಂದಕ್ಕೆ ಹೋಯಿತು. 2022ರ ಮಾರ್ಚ್ 1ರಂದು ಹಾವೇರಿ ಜಿಲ್ಲೆಯ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿ ಖಾರ್ಕಿವ್‌ನಲ್ಲಿ ದಿನಸಿ ತರಲು ಹೋಗಿ ರಷ್ಯಾದ ಶೆಲ್ ದಾಳಿಗೆ ಬಲಿಯಾದ. ಮೂರು ವಾರದ ಮೇಲೆ ಶವ ಬೆಂಗಳೂರಿಗೆ ಬಂತು. ವೈದ್ಯನಾಗಬೇಕಿದ್ದ ಮಗನ ದೇಹವನ್ನು ತಂದೆತಾಯಿ ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಕೊಟ್ಟರು. ಅಂದು ಕರ್ನಾಟಕವೇ ಅತ್ತಿತು. ಎರಡು ವರ್ಷವೂ ತುಂಬಿರಲಿಲ್ಲ, ಅದೇ ಕರ್ನಾಟಕದ ಮೂವರು ಆ ಶೆಲ್ ಹಾರಿಸಿದ ಸೇನೆಯ ಸಮವಸ್ತ್ರದಲ್ಲಿ ನಿಂತಿದ್ದರು. ಉಕ್ರೇನಿನ ಮೇಲೆ ದ್ವೇಷವಿತ್ತೆಂದಲ್ಲ, ರಷ್ಯಾದ ಮೇಲೆ ಪ್ರೀತಿಯಿತ್ತೆಂದೂ ಅಲ್ಲ. ಪರದೇಶದ ಯುದ್ಧ ನಮ್ಮ ಮನೆಯೊಳಗೆ ಯಾವ ಬಾಗಿಲಿನಿಂದ ಬರುತ್ತದೆ ಎಂದು ಹೇಳಲು ಬರುವುದಿಲ್ಲ ಎಂಬುದು ನನಗೆ ಆಗ ಮನದಟ್ಟಾಯಿತು.

ಕರೆಸಿಕೊಂಡ ಬಗೆ

ಹೈದರಾಬಾದ್ ಸಂಸದ ಅಸಾದುದ್ದೀನ್ ಒವೈಸಿ ಜನವರಿಯಲ್ಲೇ ವಿದೇಶಾಂಗ ಸಚಿವಾಲಯಕ್ಕೆ ಪತ್ರ ಬರೆದಿದ್ದರು. ಕಲಬುರಗಿಯ ಹುಡುಗರ ಸುದ್ದಿ ಫೆಬ್ರುವರಿಯಲ್ಲಿ ಹೊರಬಿದ್ದ ಮೇಲೆ ಜಿಲ್ಲಾ ಉಸ್ತುವಾರಿ ಸಚಿವ ಪ್ರಿಯಾಂಕ್ ಖರ್ಗೆಯವರೂ ದನಿ ಎತ್ತಿದರು. ಮಾರ್ಚ್ ಮೊದಲ ವಾರ ಸಿಬಿಐ ಮಾನವ ಕಳ್ಳಸಾಗಣೆಯ ಪ್ರಕರಣ ದಾಖಲಿಸಿ ದೆಹಲಿ, ಮುಂಬೈ, ತಿರುವನಂತಪುರ, ಚೆನ್ನೈ ಸೇರಿ ಏಳು ಊರುಗಳ ಹದಿಮೂರು ಕಡೆ ಶೋಧ ನಡೆಸಿತು. 50 ಲಕ್ಷಕ್ಕೂ ಹೆಚ್ಚು ನಗದು ಸಿಕ್ಕಿತು. ಏಪ್ರಿಲ್, ಮೇ ತಿಂಗಳಲ್ಲಿ ನಾಲ್ವರ ಬಂಧನವಾಯಿತು.

ಆದರೆ ಏಜೆಂಟರನ್ನು ಹಿಡಿಯುವುದು ಬೇರೆ, ಕಂದಕದಲ್ಲಿರುವವನನ್ನು ಎಬ್ಬಿಸಿ ತರುವುದು ಬೇರೆ. ರಷ್ಯಾದ ಅಧಿಕಾರಿಗಳ ಬಳಿ ಒಂದೇ ಉತ್ತರ: ಇವರು ವಯಸ್ಸಿಗೆ ಬಂದವರು, ಒಪ್ಪಂದಕ್ಕೆ ಸಹಿ ಹಾಕಿದ್ದಾರೆ. ಆ ಉತ್ತರವನ್ನು ಅಲುಗಾಡಿಸಲು ದೇಶದ ಪ್ರಧಾನಿಯೇ ಮಾತಾಡಬೇಕಾಯಿತು. 2024ರ ಜುಲೈನಲ್ಲಿ ಮಾಸ್ಕೊಗೆ ಹೋದಾಗ ನರೇಂದ್ರ ಮೋದಿಯವರು ಪುಟಿನ್ ಮುಂದೆ ಈ ವಿಷಯ ಎತ್ತಿದರು, ಬಿಟ್ಟು ಕಳಿಸುವ ಭರವಸೆ ಸಿಕ್ಕಿತು. ಆಗಸ್ಟ್ 9ರಂದು ವಿದೇಶಾಂಗ ಸಚಿವ ಜೈಶಂಕರ್ ಲೋಕಸಭೆಗೆ ಲೆಕ್ಕ ಕೊಟ್ಟರು: ಒಟ್ಟು 91 ಮಂದಿ, ಸತ್ತವರು 8, ಹಿಂದಿರುಗಿದವರು 14, ಕಾಯುತ್ತಿರುವವರು 69. ಪ್ರಧಾನಿಯ ಮಾತಿನ ನಂತರವೂ ನಮ್ಮ ಮೂವರು, ನಾರಾಯಣಪೇಟೆಯವನು ಊರು ಕಂಡದ್ದು ಸೆಪ್ಟೆಂಬರ್ ಮಧ್ಯಕ್ಕೆ. ಹೊರಟು ಒಂಬತ್ತು ತಿಂಗಳಾಗಿತ್ತು.

ಒಬ್ಬ ಕೂಲಿಯವನು ಕೆಲಸ ಬಿಟ್ಟು ಮನೆಗೆ ಬರಲು ಎರಡು ದೇಶಗಳ ಅಧಿಪತಿಗಳು ಕೂತು ಮಾತಾಡಬೇಕಾಗುತ್ತದೆ ಎಂದರೆ, ಅದನ್ನು ಕೆಲಸ ಎಂದು ಕರೆಯುವುದೇ ತಪ್ಪು. ನಾನು ಹೇಳಬೇಕೆಂದಿರುವುದು ಇದನ್ನೇ. ಕೆಲಸ ಆರಿಸಿಕೊಳ್ಳುವ ಹಕ್ಕು ಸಂವಿಧಾನದ 19ನೇ ವಿಧಿಯಲ್ಲಿದೆ. ವಿದೇಶಕ್ಕೆ ಹೋಗುವ ಹಕ್ಕು ವೈಯಕ್ತಿಕ ಸ್ವಾತಂತ್ರ್ಯದ ಭಾಗ ಎಂದು 1978ರ ಮನೇಕಾ ಗಾಂಧಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎತ್ತಿ ಹಿಡಿದಿದೆ. ಎರಡೂ ನನಗೆ ಅಮೂಲ್ಯ. ಆದರೆ ಹೋಗುವ ಸ್ವಾತಂತ್ರ್ಯಕ್ಕೆ ಅರ್ಥ ಬರುವುದು ಮರಳುವ ಸ್ವಾತಂತ್ರ್ಯ ಜೊತೆಗಿದ್ದಾಗ. ಪರದೇಶದ ಸೇನೆಗೆ ಸಹಿ ಹಾಕಿದವನು ಒಂದು ಸಹಿಯಿಂದ ಆ ಎರಡನೆಯದನ್ನು ಕೈಬಿಡುತ್ತಾನೆ.

2024ರಲ್ಲೇ ಹರಿಯಾಣ, ಉತ್ತರ ಪ್ರದೇಶಗಳಿಂದ ಸಾವಿರಾರು ಕಟ್ಟಡ ಕಾರ್ಮಿಕರು ಸರ್ಕಾರದ ಮೂಲಕವೇ ಇಸ್ರೇಲಿಗೆ ಹೋದರು. ಅಲ್ಲೂ ಯುದ್ಧ ನಡೆದಿತ್ತು. ಮಾರ್ಚ್ 4ರಂದು ಉತ್ತರ ಇಸ್ರೇಲಿನ ತೋಟವೊಂದರಲ್ಲಿ ದುಡಿಯುತ್ತಿದ್ದ ಕೇರಳದ ಒಬ್ಬ ಕ್ಷಿಪಣಿಗೆ ಬಲಿಯಾದ. ಜೀವದ ಅಪಾಯ ಎರಡೂ ಕಡೆ ಇತ್ತು. ಆದರೂ ಇಸ್ರೇಲಿನಲ್ಲಿ ಗಾರೆ ಕೆಲಸದವನು ಭಯವಾಯಿತೆಂದರೆ ಕರಣೆ ಕೆಳಗಿಟ್ಟು ವಿಮಾನ ಹತ್ತಬಹುದು. ಕಂದಕದಲ್ಲಿದ್ದವನು ಸಲಿಕೆ ಕೆಳಗಿಟ್ಟರೆ ಸುತ್ತ ಗುಂಡು ಹಾರುತ್ತದೆ. ಅಪಾಯದ ಪ್ರಮಾಣ ನೋಡಿ ಗೆರೆ ಎಳೆಯಬಾರದು, ಈ ವ್ಯತ್ಯಾಸ ನೋಡಿ ಎಳೆಯಬೇಕು.

ಕಾನೂನು ಎಲ್ಲಿ ನಿಂತಿದೆ

ಸಹಿ ಹಾಕಿದವನು ಭಾರತದ ಕಾನೂನಿನ ಪ್ರಕಾರ ಅಪರಾಧಿಯೇ? ಇದಕ್ಕೆ ಉತ್ತರ ಹುಡುಕುತ್ತ ಹೋದರೆ ಬ್ರಿಟಿಷರ ಕಾಲಕ್ಕೆ ಹೋಗಬೇಕು. 1874ರ ವಿದೇಶಿ ನೇಮಕಾತಿ ಕಾಯ್ದೆ ಇಂದಿಗೂ ಇದೆ. ಪರದೇಶದ ಸೇವೆಗಾಗಿ ಭಾರತದಲ್ಲಿ ಜನರನ್ನು ಸೇರಿಸಿಕೊಳ್ಳುವುದನ್ನು ಸರ್ಕಾರ ಆದೇಶದ ಮೂಲಕ ತಡೆಯಬಹುದು, ಮೀರಿದವರಿಗೆ ಏಳು ವರ್ಷದವರೆಗೆ ಶಿಕ್ಷೆ. ಅಂದರೆ ಆದೇಶ ಹೊರಟರೆ ಮಾತ್ರ ಅದಕ್ಕೆ ಜೀವ. ಯೂಟ್ಯೂಬ್ ಜಾಹೀರಾತನ್ನು ಕನಸಲ್ಲೂ ಕಾಣದ ಕಾಲದ ಕಾನೂನು ಅದು.

ಭಾರತೀಯ ದಂಡ ಸಂಹಿತೆಯ 125ನೇ ಕಲಮಿನಲ್ಲಿ ಒಂದು ಪದ ನನ್ನನ್ನು ತಡೆದು ನಿಲ್ಲಿಸಿತು. ಭಾರತ ಸರ್ಕಾರದೊಂದಿಗೆ ಮೈತ್ರಿ ಅಥವಾ ಶಾಂತಿಯಿಂದಿರುವ "ಏಷ್ಯಾದ ಶಕ್ತಿ"ಯ ವಿರುದ್ಧ ಯುದ್ಧ ಹೂಡಿದರೆ ಶಿಕ್ಷೆ ಎನ್ನುತ್ತಿತ್ತು ಅದು. ಉಕ್ರೇನ್ ಏಷ್ಯಾದಲ್ಲಿಲ್ಲ. ಹಾಗಾಗಿ ನಮ್ಮ ಹುಡುಗರು ಸಹಿ ಹಾಕಿದ ದಿನ ಆ ಕಲಮು ಅವರಿಗೆ ತಾಗುತ್ತಿರಲಿಲ್ಲ. 2024ರ ಜುಲೈ 1ರಂದು ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂತು. ಅದರ 153ನೇ ಕಲಮಿನಲ್ಲಿ ಏಷ್ಯಾ ಎಂಬ ಪದ ಹೋಗಿದೆ. ಭಾರತದೊಂದಿಗೆ ಶಾಂತಿಯಿಂದಿರುವ ಯಾವುದೇ ವಿದೇಶದ ಸರ್ಕಾರದ ವಿರುದ್ಧ ಯುದ್ಧ ಮಾಡಿದರೂ, ಅದಕ್ಕೆ ಕುಮ್ಮಕ್ಕು ಕೊಟ್ಟರೂ ಜೀವಾವಧಿಯವರೆಗೆ ಶಿಕ್ಷೆ ಆಗಬಹುದು. ಹಾಗೆಂದರೆ ಜೂನ್ 30ರ ರಾತ್ರಿ ಕಂದಕದಲ್ಲಿ ಮಲಗಿದ್ದವನು ಜುಲೈ 1ರ ಬೆಳಿಗ್ಗೆ ಹೊಸ ಕಲಮಿನ ನೆರಳಿಗೆ ಬಂದ, ಅವನಿಗೆ ಅದರ ಸುಳಿವೂ ಇರಲಿಲ್ಲ. ಸರ್ಕಾರ ಇವರನ್ನು ಅಪರಾಧಿಗಳಾಗಿ ಕಾಣದೆ ಮೋಸ ಹೋದವರಾಗಿ ಕಂಡಿತು. ಅದು ಸರಿಯಾದ ನಡೆ. ಆದರೆ ಅದು ಸರ್ಕಾರದ ಒಳ್ಳೆಯ ಮನಸ್ಸಿನಿಂದ ಆದದ್ದು, ಕಾನೂನಿನ ಬರಹದಿಂದಲ್ಲ. ಒತ್ತಾಯ, ವಂಚನೆಯಿಂದ ಪರಸೇನೆ ಸೇರಿದವನಿಗೆ ರಕ್ಷಣೆ ಎಂದು ಒಂದು ಸಾಲು ಕಾನೂನಿನಲ್ಲೇ ಇದ್ದರೆ, ಸಿಕ್ಕಿಬಿದ್ದವನು ಊರಿಗೆ ಹೋದರೆ ಜೈಲು ಎಂದು ಹೆದರಿ ಅಲ್ಲೇ ಉಳಿಯುವುದು ತಪ್ಪುತ್ತದೆ.

ಪರದೇಶದ ಪ್ರಜೆಗಳು ಸೈನಿಕರಾಗುವುದನ್ನು ಭಾರತ ತಾತ್ತ್ವಿಕವಾಗಿ ವಿರೋಧಿಸುತ್ತದೆ ಎಂದು ಹೇಳಲಾಗದು. ನಮ್ಮದೇ ಸೇನೆಯ ಗೂರ್ಖಾ ರೆಜಿಮೆಂಟುಗಳಲ್ಲಿ ನೇಪಾಳದ ಪ್ರಜೆಗಳಿದ್ದಾರೆ. 1947ರಲ್ಲಿ ಭಾರತ, ನೇಪಾಳ, ಬ್ರಿಟನ್ ಮಾಡಿಕೊಂಡ ತ್ರಿಪಕ್ಷೀಯ ಒಪ್ಪಂದದ ಬಲ ಅದಕ್ಕಿದೆ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವೂ ಇದೆ. 1918ರ ಸೆಪ್ಟೆಂಬರ್‌ನಲ್ಲಿ ಹೈಫಾದಲ್ಲಿ ಹೋರಾಡಿದ ನಮ್ಮ ಕುದುರೆ ಸವಾರರೂ ಪರರ ಯುದ್ಧಕ್ಕೇ ಹೋದವರು. ಗೂರ್ಖಾ ಸೈನಿಕನ ಹಿಂದೆ ಅವನ ದೇಶದ ಸಹಿಯಿದೆ, ಸಂಬಳ ಪಿಂಚಣಿಗೆ ನಿಯಮವಿದೆ, ಸತ್ತರೆ ಮನೆಗೆ ಹೇಳಿ ಕಳಿಸುವವರಿದ್ದಾರೆ. ಆ ನೇಪಾಳದ ಹುಡುಗರೂ ರಷ್ಯಾಕ್ಕೆ ಹೋಗಿ ಸಾಯತೊಡಗಿದಾಗ ಕಠ್ಮಂಡು ಸರ್ಕಾರ 2024ರ ಜನವರಿಯಲ್ಲಿ ರಷ್ಯಾ, ಉಕ್ರೇನ್ ಎರಡಕ್ಕೂ ದುಡಿಮೆಯ ಪರವಾನಗಿ ಕೊಡುವುದನ್ನೇ ನಿಲ್ಲಿಸಿತು. ಸೈನಿಕರನ್ನು ಹೊರಗೆ ಕಳಿಸಿ ಎರಡು ಶತಮಾನದ ಅನುಭವವಿರುವ ದೇಶವೇ ಹಾಗೆ ಮಾಡಿತು ಎಂಬುದನ್ನು ನಾವು ಹಗುರವಾಗಿ ನೋಡಬಾರದು.

ತಿಳಿದೇ ಹೋಗುವವನು

ಇಲ್ಲಿಯವರೆಗಿನದು ಸುಲಭದ ಭಾಗ. ಮೋಸ ಹೋದವನ ಪರ ನಿಲ್ಲಲು ಯಾರಿಗೂ ಕಷ್ಟವಿಲ್ಲ. ತಿಳಿದೇ, ತನ್ನ ಇಚ್ಛೆಯಿಂದಲೇ ಹೋಗುವವನಿಗೆ ಏನು ಹೇಳಬೇಕು?

ಅಂಥವರೂ ಇದ್ದಾರೆ. 2022ರ ಮಾರ್ಚ್‌ನಲ್ಲಿ ಉಕ್ರೇನಿನಲ್ಲಿ ಓದುತ್ತಿದ್ದ ತಮಿಳುನಾಡಿನ ಒಬ್ಬ ವಿದ್ಯಾರ್ಥಿ ಊರಿಗೆ ಬರದೆ ಉಕ್ರೇನ್ ಪರ ಹೋರಾಡುವ ವಿದೇಶಿಯರ ದಳ ಸೇರಿದ. ಅದಕ್ಕೂ ಹಿಂದೆ ಇರಾಕಿನಲ್ಲಿ ಐಸಿಸ್ ಪವಿತ್ರ ಸ್ಥಳಗಳನ್ನು ಕೆಡವಹೊರಟಾಗ ಅವುಗಳನ್ನು ಕಾಯಲು ಹೋಗುತ್ತೇವೆಂದು ದೆಹಲಿಯಲ್ಲಿ ಹಲವರು ಹೆಸರು ಬರೆಸಿದ್ದರು. ಅವರನ್ನು ತಡೆದಾಗ ವಿಷಯ ದೆಹಲಿ ಹೈಕೋರ್ಟ್ ಮೆಟ್ಟಿಲೇರಿತು. ಒಂದು ಗುಂಪನ್ನು ಬಿಟ್ಟರೆ ಬೇರೆ ಗುಂಪುಗಳೂ ಬೇರೆ ಪಕ್ಷಗಳ ಪರ ಹೊರಡುತ್ತವೆ, ಅಲ್ಲಿನ ಜಗಳ ಇಲ್ಲಿಗೆ ಬರುತ್ತದೆ ಎಂಬುದು ಕೇಂದ್ರ ಸರ್ಕಾರದ ವಾದವಾಗಿತ್ತು. ಅವರ ಉದ್ದೇಶ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಅನ್ಯಾಯ ಕಂಡಲ್ಲಿ ಹೋಗಿ ನಿಲ್ಲಬೇಕೆನಿಸುವುದು ಮನುಷ್ಯನ ದೊಡ್ಡ ಗುಣ.

ಆದರೂ ನಾನು ಸರ್ಕಾರದ ಪರವೇ ನಿಲ್ಲುತ್ತೇನೆ. ಯಾವ ಯುದ್ಧ ನ್ಯಾಯದ್ದು ಎಂದು ತೀರ್ಮಾನಿಸುವುದನ್ನು ಒಬ್ಬೊಬ್ಬರಿಗೆ ಬಿಟ್ಟರೆ ಯೂಟ್ಯೂಬ್ ಏಜೆಂಟನಿಗೆ ಇನ್ನೊಂದು ಅಸ್ತ್ರ ಸಿಗುತ್ತದೆ, ಅಷ್ಟೆ. ಸಂಬಳದ ಆಸೆ ತೋರಿಸುವವನು ನಾಳೆ ಧರ್ಮದ, ನ್ಯಾಯದ ಆಸೆ ತೋರಿಸುತ್ತಾನೆ. ಹಾಗೆ ಹೋದವನೂ ಒಂದು ದಿನ ಬೇಡವೆನಿಸಿದಾಗ ಸಿಕ್ಕಿಬೀಳುವುದು ಅದೇ ಕಂದಕದಲ್ಲಿ. ಅವನನ್ನು ಕರೆತರಲು ಅಳುವುದು ಅವನ ತಾಯಿಯೇ, ಓಡಾಡುವುದು ಅದೇ ರಾಯಭಾರ ಕಚೇರಿಯೇ. ನೆರವಿಗೆ ಹೋಗಬಯಸುವವನು ವೈದ್ಯನಾಗಿ, ಪರಿಹಾರ ಕಾರ್ಯಕರ್ತನಾಗಿ ಹೋಗಲಿ. ಬಂದೂಕು ಹಿಡಿಯಲು ಹೋಗುವುದಕ್ಕೆ ದೇಶದ ಒಪ್ಪಿಗೆ ಬೇಕು ಎಂಬ ನಿಯಮ ಕ್ರೂರವಲ್ಲ.

ಕಲಬುರಗಿಯವರು ಮರಳಿದ ನಂತರದ ಅಂಕಿಗಳು ಈ ಪ್ರಶ್ನೆಯನ್ನು ಇನ್ನಷ್ಟು ಬಿಗಿ ಮಾಡಿವೆ. 2024ರ ಏಪ್ರಿಲ್‌ನಿಂದಲೇ ಭಾರತವೂ ಸೇರಿ ಕೆಲವು ದೇಶಗಳವರನ್ನು ಸೇರಿಸಿಕೊಳ್ಳುವುದನ್ನು ನಿಲ್ಲಿಸಿದ್ದೇವೆ ಎಂದು ದೆಹಲಿಯ ರಷ್ಯಾ ರಾಯಭಾರ ಕಚೇರಿ ಆಗಸ್ಟ್‌ನಲ್ಲಿ ಹೇಳಿತ್ತು. 2025ರ ಜನವರಿಯಲ್ಲಿ ಒಟ್ಟು ಪ್ರಕರಣ 126, ಸಾವು 12. ಅದೇ ವರ್ಷ ಡಿಸೆಂಬರ್‌ನಲ್ಲಿ ರಾಜ್ಯಸಭೆಗೆ ಕೊಟ್ಟ ಉತ್ತರದಲ್ಲಿ 202 ಮಂದಿ ಸೇರಿದ್ದಾರೆಂದೂ 26 ಮಂದಿ ಸತ್ತಿದ್ದಾರೆಂದೂ ಇದೆ. ದೇಶಕ್ಕೆಲ್ಲ ಸುದ್ದಿ ತಿಳಿದ ಮೇಲೂ ಲೆಕ್ಕ ಏರಿತು. ವಿದ್ಯಾರ್ಥಿ ವೀಸಾದ ಮೇಲೆ ಹೋದವರೂ ಇದರಲ್ಲಿದ್ದಾರೆ. 2025ರ ಅಕ್ಟೋಬರ್‌ನಲ್ಲಿ ಉಕ್ರೇನ್ ಸೇನೆಗೆ ಸಿಕ್ಕಿಬಿದ್ದ ಗುಜರಾತಿನ 22ರ ಯುವಕ ಹೇಳಿಕೊಂಡದ್ದು ಕೇಳಿ: ಓದಲು ಹೋಗಿದ್ದೆ, ಮಾದಕ ವಸ್ತುವಿನ ಪ್ರಕರಣದಲ್ಲಿ ಜೈಲಾಯಿತು, ಜೈಲೋ ಸೇನೆಯೋ ಎಂದಾಗ ಸೇನೆಗೆ ಸಹಿ ಹಾಕಿದೆ. ಅವನಿಗೆ ಹಾಳೆಯಲ್ಲಿ ಏನಿದೆ ಎಂದು ಗೊತ್ತಿತ್ತು. ಗೊತ್ತಿದ್ದೂ ಸಹಿ ಹಾಕಿದ. ಅದನ್ನು ಸ್ವ ಇಚ್ಛೆ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಹಣಕ್ಕಾಗಿ ತಿಳಿದೇ ಹೋದವರೂ ಆ 202ರಲ್ಲಿ ಇದ್ದೇ ಇರುತ್ತಾರೆ. ಮುಂಚೂಣಿಯ ಗುತ್ತಿಗೆ ಸೈನಿಕನಿಗೆ ರಷ್ಯಾ ಘೋಷಿಸಿರುವ ಸಂಬಳ ತಿಂಗಳಿಗೆ ಸುಮಾರು 2 ಲಕ್ಷ ರೂಬಲ್, ನಮ್ಮ ಲೆಕ್ಕದಲ್ಲೂ ಹೆಚ್ಚುಕಡಿಮೆ ಅಷ್ಟೇ ಲಕ್ಷ. ಎರಡು ಎಕರೆ ತೊಗರಿ ನಂಬಿದ ಮನೆಗೆ ಅದು ಎಷ್ಟು ದೊಡ್ಡದೆಂದು ನನಗೆ ಗೊತ್ತು. ಅಂಥವನನ್ನು ಜೈಲಿಗೆ ಕಳಿಸಿ ಎಂದು ನಾನು ಹೇಳಲಾರೆ. ಅವನ ಪಾಸ್‌ಪೋರ್ಟ್ ತಡೆಹಿಡಿಯಿರಿ, ವಿಮಾನ ನಿಲ್ದಾಣದಲ್ಲೇ ಕೂರಿಸಿ ಮಾತಾಡಿ. ಶಿಕ್ಷೆಯೆಲ್ಲ ಅವನನ್ನು ಒಯ್ದವನಿಗಿರಲಿ. ತಪಾಸಣೆಯ ದೇಶಗಳ ಪಟ್ಟಿಗೆ ಯುದ್ಧದಲ್ಲಿರುವ ದೇಶಗಳು ತಾವಾಗಿ ಸೇರುವಂತಾಗಲಿ. 30,000 ರೂಪಾಯಿಯ ಮಿತಿ ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಕನ್ನಡದಲ್ಲಿ, ಉರ್ದುವಿನಲ್ಲಿ ಇರಲಿ.

ಡಿಸೆಂಬರ್‌ನ ಆ ಉತ್ತರದಲ್ಲಿ ಇನ್ನೊಂದು ಅಂಕಿಯಿದೆ. 119 ಮಂದಿ ಬಿಡುಗಡೆಯಾಗಿದ್ದಾರೆ, 50 ಮಂದಿಯ ಬಿಡುಗಡೆಗೆ ಯತ್ನ ನಡೆದಿದೆ, 7 ಮಂದಿ ಕಾಣೆಯಾಗಿದ್ದಾರೆ. ಸತ್ತವರ ಗುರುತು ಹಿಡಿಯಲೆಂದು ಕೆಲವು ಕುಟುಂಬಗಳವರ ಡಿಎನ್‌ಎ ಮಾದರಿ ರಷ್ಯಾಕ್ಕೆ ಹೋಗಿದೆ. ಕಾಣೆಯಾದವನ ಮನೆಗೆ ಶವವೂ ಬರುವುದಿಲ್ಲ, ಮರಣಪತ್ರವೂ ಬರುವುದಿಲ್ಲ. ಪತ್ರವಿಲ್ಲದೆ ಬ್ಯಾಂಕಿನ ಹಣ ಬಿಡಿಸಲಾಗದು, ಹೊಲದ ಪಹಣಿಯಲ್ಲಿ ಹೆಸರು ಬದಲಿಸಲಾಗದು. ಏಜೆಂಟನಿಗೆ ಕೊಡಲು ಮಾಡಿದ ಸಾಲಕ್ಕೆ ಮಾತ್ರ ಬಡ್ಡಿ ಬೆಳೆಯುತ್ತದೆ. ನಮ್ಮ ಸಾಕ್ಷ್ಯ ಕಾನೂನಿನ ಪ್ರಕಾರ ಏಳು ವರ್ಷ ಯಾವ ಸುದ್ದಿಯೂ ಇಲ್ಲದಿದ್ದರೆ ಒಬ್ಬನನ್ನು ಸತ್ತನೆಂದು ಭಾವಿಸಬಹುದು. 2024ರಲ್ಲಿ ಫೋನ್ ನಿಂತುಹೋದವನ ಮನೆಯವರು 2031ರವರೆಗೆ ಕಾಯಬೇಕು.